ಕುಂಡದ ಕಳ್ಳಿಗೂ ಒಂದು ತುತ್ತು

ಕಳ್ಳಿಗೆ ಗೊಬ್ಬರ ಹಾಕಬೇಕು ಎಂದರೆ ಊರ ಕಡೆಯ ಹಿರಿಯರು ನಕ್ಕಾರು. ಅವರ ಮಟ್ಟಿಗೆ ಕಳ್ಳಿಯೆಂದರೆ ಹೊಲದ ಬೇಲಿ. ದನ ಮುಟ್ಟದ, ನೀರು ಕೇಳದ, ಕಡಿದೊಗೆದ ಕಡೆಯಲ್ಲೇ ಮತ್ತೆ ಚಿಗುರುವ ಹಟಮಾರಿ. ಅದಕ್ಕೆ ಉಪಚಾರ ಮಾಡುವುದೆಂದರೆ ಕತ್ತೆಗೆ ಕಸ್ತೂರಿ ಹಚ್ಚಿದಂತೆಯೇ ಸರಿ ಎಂದು ಅವರು ತಿಳಿದರೆ ತಪ್ಪಿಲ್ಲ. ಆದರೆ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮಗೆ ಹೊಲವೂ ಇಲ್ಲ, ಬೇಲಿಯೂ ಇಲ್ಲ. ಇರುವುದು ಗ್ಯಾಲರಿಯ ಸರಳುಗಳ ಬದಿಯಲ್ಲಿ ಒಂದೂವರೆ ಅಡಿ ಜಾಗ. ಅದರಲ್ಲಿ ಒಂದು ತುಳಸಿ, ಒಂದು ಕರಿಬೇವು, ಮಿಕ್ಕ ಮೂಲೆಯಲ್ಲಿ ನಾಲ್ಕಂಗುಲದ ಕುಂಡದಲ್ಲಿ ಒಂದು ಕಳ್ಳಿ. ಎರಡು ವಾರ ಊರಿಗೆ ಹೋಗಿ ಬಂದರೂ ಬದುಕಿರುತ್ತದೆ ಎಂಬ ಒಂದೇ ಗುಣಕ್ಕಾಗಿ ಅದು ವಲಸೆಯ ಸಂಸಾರಗಳಿಗೆ ಒಗ್ಗಿದ ಗಿಡ.

ನಮ್ಮ ಸಂಘದ ಕೂಟಗಳಲ್ಲಿ ಗಿಡಗಳ ಮಾತು ಬಂದಾಗಲೆಲ್ಲ ಎರಡು ಪಕ್ಷಗಳು ಏಳುತ್ತವೆ. 'ಕಳ್ಳಿಗೆ ಏನೂ ಹಾಕಬಾರದು' ಎಂಬುದು ಒಂದು ಪಕ್ಷ. 'ನಾವು ಉಳಿದ ಗಿಡಗಳಿಗೆ ಹಾಕಿದ್ದನ್ನೇ ಇದಕ್ಕೂ ಹಾಕುತ್ತೇವೆ' ಎಂಬುದು ಇನ್ನೊಂದು. ಮೊದಲನೆಯವರ ಗಿಡ ಹತ್ತು ವರ್ಷವಾದರೂ ಗೋಲಿಯಷ್ಟೇ ಇರುತ್ತದೆ. ಎರಡನೆಯವರದು ಮೊದಲ ಮಳೆಗಾಲದಲ್ಲೇ ಕೊಳೆತು ಕೈಗೆ ಬರುತ್ತದೆ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾದ ನಮಗೆ ಕಡತದ ಎರಡೂ ಕಡೆಯ ಟಿಪ್ಪಣಿಗಳನ್ನು ಓದುವ ಅಭ್ಯಾಸವಿರುವುದರಿಂದ, ಈ ವ್ಯಾಜ್ಯವನ್ನೂ ಸ್ವಲ್ಪ ಬಿಡಿಸಿ ನೋಡೋಣವೆಂದು ಹೊರಟಿದ್ದೇವೆ.

ಮೊದಲು, ಕುಂಡದಲ್ಲಿರುವುದು ನಿಜವಾಗಿ ಯಾವ ಕಳ್ಳಿ ಎಂಬುದನ್ನು ನೋಡಿಕೊಳ್ಳಬೇಕು. ನಮ್ಮ ನಾಡಿನಲ್ಲಿ ಅನಾದಿಯಿಂದ ಇರುವ ಚದುರಕಳ್ಳಿ ಮೊದಲಾದವು ಹಾಲುಳ್ಳ ಗಿಡಗಳು. ಗಾಯವಾದರೆ ಬಿಳಿಯ ಹಾಲು ಸುರಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಅವು ಬೇರೆಯೇ ಕುಲ. ಕ್ಯಾಕ್ಟಸ್ ಎಂದು ಕರೆಯುವ ಕುಲವು ಬಹುಮಟ್ಟಿಗೆ ಅಮೆರಿಕ ಖಂಡಗಳ ಸೊತ್ತು. ಅದರ ಮುಳ್ಳುಗಳೆಲ್ಲ ಹತ್ತಿಯ ಚುಕ್ಕೆಯಂಥ ಒಂದು ಸಣ್ಣ ಗದ್ದುಗೆಯಿಂದ ಏಳುತ್ತವೆ. ಈ ಗದ್ದುಗೆ ಕಂಡರೆ ಅದು ಕ್ಯಾಕ್ಟಸ್, ಕಾಣದಿದ್ದರೆ ಅಲ್ಲ. ನಮ್ಮ ಬಯಲುಸೀಮೆಯ ಪಾಪಾಸುಕಳ್ಳಿ ಕೂಡ ಈ ಲೆಕ್ಕದಲ್ಲಿ ಹೊರಗಿನಿಂದ ಬಂದದ್ದೇ. ಅದರ ಕೆಂಪು ಹಣ್ಣು ತಿಂದು ನಾಲಗೆ ಕೆಂಪು ಮಾಡಿಕೊಂಡು, ಬೆರಳಿನ ಸಣ್ಣ ಮುಳ್ಳುಗಳನ್ನು ಸಂಜೆಯವರೆಗೂ ಕೀಳುತ್ತ ಕುಳಿತ ವಾಚಕರು ನಮ್ಮಲ್ಲಿ ಅನೇಕರಿರಬೇಕು.

ಈ ಪಾಪಾಸುಕಳ್ಳಿಯ ಕಥೆ ಕೇಳುವಂಥದು. ಕಂಪೆನಿ ಸರಕಾರದವರಿಗೆ ಕೆಂಪು ಬಣ್ಣ ಬೇಕಾಗಿತ್ತು. ಆ ಬಣ್ಣ ಕೊಡುವ ಕೋಚಿನೀಲ್ ಎಂಬ ಹುಳು ಕಳ್ಳಿಯ ಮೇಲೆ ಬದುಕುತ್ತದೆ. ಅದರ ವ್ಯಾಪಾರವೆಲ್ಲ ಸ್ಪೇನಿನವರ ಮುಷ್ಟಿಯಲ್ಲಿತ್ತು. ಆದಕಾರಣ ಮದರಾಸಿನ ಡಾಕ್ಟರ್ ಜೇಮ್ಸ್ ಆಂಡರ್ಸನ್ ಎಂಬವರು ಹದಿನೆಂಟನೆಯ ಶತಮಾನದ ಕೊನೆಗೆ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಹಾಕಿಸಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲಿನಿಂದ ಹುಳುವನ್ನು ಕಲ್ಕತ್ತೆಗೆ ತಂದ. ತಂದದ್ದು ಬೇರೆ ಜಾತಿಯ ಹುಳು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ, ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನೇ ತಿಂದು ಹಾಕಿತು. ಮುಂದೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಹೊಲಗಳನ್ನು ನುಂಗತೊಡಗಿದಾಗ, 1926ರಲ್ಲಿ ಸಿಂಹಳದಿಂದ ಮತ್ತೊಂದು ಹುಳುವನ್ನು ತರಿಸಿ ಅದನ್ನು ಅಡಗಿಸಬೇಕಾಯಿತು. ಯಾರೂ ಗೊಬ್ಬರ ಹಾಕದೆ ಎಕರೆಗಟ್ಟಲೆ ಹಬ್ಬಿದ ಗಿಡಕ್ಕೆ ಕುಂಡದಲ್ಲಿ ಮಾತ್ರ ಏಕೆ ಹಸಿವು?

ಉತ್ತರ ಕುಂಡದಲ್ಲೇ ಇದೆ. ಮರುಭೂಮಿಯ ಮಣ್ಣು ಬಡ ಮಣ್ಣು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ನಿಜ. ಅಲ್ಲಿ ಎಲೆಗೊಬ್ಬರ ಕಡಿಮೆ, ಸಾರಜನಕ ಕಡಿಮೆ. ಆದರೆ ಮಳೆ ಕಡಿಮೆಯಾದ್ದರಿಂದ ಸುಣ್ಣ, ಪೊಟ್ಯಾಶ್ ಮೊದಲಾದ ಖನಿಜಗಳು ತೊಳೆದುಹೋಗದೆ ಉಳಿದಿರುತ್ತವೆ. ಕಳ್ಳಿಯ ಬೇರು ಆಳಕ್ಕಿಳಿಯದೆ ನೆಲದ ಮೇಲ್ಪದರದಲ್ಲಿ ದೂರದೂರಕ್ಕೆ ಹರಡಿ, ಬಂದ ಮಳೆಯನ್ನೂ ಅದರೊಡನೆ ಕರಗಿದ ಖನಿಜವನ್ನೂ ಬಾಚಿಕೊಳ್ಳುತ್ತದೆ. ನಾಲ್ಕಂಗುಲದ ಕುಂಡದಲ್ಲಿ ಹರಡಲು ಎಡೆಯೆಲ್ಲಿ? ಇರುವ ಹಿಡಿ ಮಣ್ಣಿನ ಸಾರವನ್ನು ಒಂದೆರಡು ವರ್ಷಗಳಲ್ಲಿ ಗಿಡ ಹೀರುತ್ತದೆ. ಹೀರದೆ ಉಳಿದದ್ದು ನಾವು ಎರೆವ ನೀರಿನೊಡನೆ ತಳದ ತೂತಿನಿಂದ ಕೆಳಗಿನ ಮನೆಯವರ ಬಟ್ಟೆಯ ಮೇಲೆ ಇಳಿಯುತ್ತದೆ. ಹೀಗಾಗಿ ಕುಂಡದ ಕಳ್ಳಿಗೆ ಗೊಬ್ಬರ ಬೇಕು ಎಂಬುದು ಸರಿ.

ಆದರೆ ಎಷ್ಟು? ಇಲ್ಲಿ ಎರಡನೆಯ ಪಕ್ಷದವರು ಎಡವುತ್ತಾರೆ. ಕಳ್ಳಿ ಉಣ್ಣುವ ಬಗೆಯೇ ಬೇರೆ. ಉಳಿದ ಗಿಡಗಳು ಹಗಲು ಉಸಿರಾಟದ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಎಳೆದುಕೊಂಡರೆ, ಕಳ್ಳಿ ನೀರು ಆರಿಹೋದೀತೆಂದು ಹಗಲೆಲ್ಲ ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಎಳೆದುಕೊಂಡದ್ದನ್ನು ಹುಳಿಯ ರೂಪದಲ್ಲಿ ಒಡಲಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಬಾಗಿಲು ಮುಚ್ಚಿಕೊಂಡೇ ಅಡುಗೆ ಮಾಡುತ್ತದೆ. ರಾತ್ರಿ ಕೂಡಿಟ್ಟಷ್ಟೇ ಹಗಲಿನ ಅಡುಗೆ. ಇಂಥ ಮಿತವ್ಯಯದ ಸಂಸಾರ ಬೇಗ ಬೆಳೆಯಲಾರದು. ಬೆಳೆಯದ್ದಕ್ಕೆ ಹೆಚ್ಚು ಸಾರವೂ ಬೇಡ. ನಾವು ಗುಲಾಬಿಗೆ ಹಾಕುವಷ್ಟು ಹಾಕಿದರೆ ಬಳಸಲಾರದ ಉಪ್ಪು ಬೇರಿನ ಸುತ್ತ ನಿಂತು ಬೇರಿನ ನೀರನ್ನೇ ಎಳೆಯುತ್ತದೆ. ಸಾರಜನಕ ಅತಿಯಾದರೆ ಒಡಲು ಉಬ್ಬಿ, ಚರ್ಮ ತೆಳುವಾಗಿ, ಮುಳ್ಳು ಬಡಕಲಾಗಿ, ಒಂದು ಜೋರು ನೀರಿಗೇ ಬಿರಿಯುತ್ತದೆ. ಬಿರಿದಲ್ಲಿ ಬೂಷ್ಟು, ಬೂಷ್ಟಿನಿಂದ ಕೊಳೆ.

ಗೊಬ್ಬರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೆಳಕಿನದು. ಗಿಡದ ಬೆಳವಣಿಗೆ ಯಾವುದು ಅತಿ ಕಡಿಮೆ ಇದೆಯೋ ಅದರ ಅಳತೆಗೆ ನಿಲ್ಲುತ್ತದೆ ಎಂಬ ನಿಯಮವನ್ನು ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ ಪ್ರಚುರಪಡಿಸಿದ. ಅವನಿಗಿಂತ ಮೊದಲೇ ಶ್ಪ್ರೆಂಗೆಲ್ ಎಂಬವನು ಹೇಳಿದ್ದನೆಂಬುದೂ ದಾಖಲೆಯಲ್ಲಿದೆ. ಇಲಾಖೆಗಳಲ್ಲಿಯೂ ಕೆಲಸ ಒಬ್ಬರದು, ಸಹಿ ಇನ್ನೊಬ್ಬರದು! ಇರಲಿ. ನಗರದ ಮನೆಗಳಲ್ಲಿ ಕಳ್ಳಿಗೆ ಕಡಿಮೆ ಬೀಳುವುದು ಹತ್ತರಲ್ಲಿ ಎಂಟು ಸಲ ಬಿಸಿಲೇ ಹೊರತು ಗೊಬ್ಬರವಲ್ಲ ಎಂಬುದು ನಮ್ಮ ಅಭಿಪ್ರಾಯ. ಎದುರಿನ ಕಟ್ಟಡದ ನೆರಳಲ್ಲಿ ನಿಂತ ದುಂಡನೆಯ ಕಳ್ಳಿ ತುದಿಯಲ್ಲಿ ಚೂಪಾಗಿ, ಬಿಳಿಚಿಕೊಂಡು, ಉದ್ದುದ್ದ ಏಳುತ್ತದೆ. ಮನೆಯವರು 'ಗಿಡ ಬೆಳೆಯುತ್ತಿದೆ' ಎಂದು ಹಿಗ್ಗಿ ಇನ್ನಷ್ಟು ಗೊಬ್ಬರ ಕೊಡುತ್ತಾರೆ. ಅದು ಬೆಳವಣಿಗೆಯಲ್ಲ, ಬೆಳಕನ್ನು ಹುಡುಕುವ ಪರದಾಟ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಇಲ್ಲದ ಕಡೆ ಗೊಬ್ಬರದ ಪೊಟ್ಟಣವನ್ನು ಬಿಚ್ಚುವ ಅಗತ್ಯವೇ ಇಲ್ಲ. ಕಚೇರಿಯ ಮೇಜಿನ ಮೇಲೆ ಗಣಕಯಂತ್ರದ ಪಕ್ಕ ಕಳ್ಳಿಯಿಟ್ಟರೆ ಅದರ ಕಿರಣಗಳನ್ನು ಹೀರುತ್ತದೆ ಎಂದು ನಮ್ಮ ಸಹೋದ್ಯೋಗಿಗಳು ನಂಬಿದ್ದಾರೆ. ಹೀರುವುದಿಲ್ಲ, ಆ ಕೊಳವೆದೀಪದ ಕೆಳಗೆ ಪಾಪ ಗಿಡವೇ ಸೊರಗುತ್ತದೆ.

ಇನ್ನು ಗೊಬ್ಬರದ ಪೊಟ್ಟಣದ ಮೇಲಿನ ಅಂಕಿಗಳು. 19:19:19 ಎಂದರೆ ನೂರು ಗ್ರಾಂ ಪುಡಿಯಲ್ಲಿ ಸಾರಜನಕ 19, ರಂಜಕ 19, ಪೊಟ್ಯಾಶ್ 19 ಎಂದು ಲೆಕ್ಕ. ರಂಜಕವನ್ನೂ ಪೊಟ್ಯಾಶನ್ನೂ ಆಕ್ಸೈಡಿನ ರೂಪದಲ್ಲಿ ಎಣಿಸುವ ಹಳೆಯ ರೂಢಿಯಿಂದಾಗಿ ನಿಜವಾದ ರಂಜಕ ಸುಮಾರು 8 ಭಾಗ, ಪೊಟ್ಯಾಸಿಯಮ್ ಸುಮಾರು 16 ಭಾಗ ಮಾತ್ರ ಇರುತ್ತದೆ. ನೀರಿನಲ್ಲಿ ಪೂರ್ತಿ ಕರಗುವ ಈ ಪುಡಿ ಎಲ್ಲ ಊರಿನ ಬೀಜ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ. ಮುಂಬಯಿಯವರಿಗಂತೂ ಇದು ಮನೆಯ ಬಾಗಿಲಲ್ಲೇ ತಯಾರಾದ ಸರಕು: ಚೆಂಬೂರಿನ ಟ್ರಾಂಬೆಯ ಗೊಬ್ಬರದ ಕಾರ್ಖಾನೆ 1965ರಿಂದ ನಡೆದಿದೆ, 1978ರಿಂದ ಅದು ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಹೆಸರಿನಲ್ಲಿದೆ, ಅದರ 'ಸುಫಲಾ' ಹೊಲದ ಕಾಳುಗೊಬ್ಬರ, 'ಸುಜಲಾ' ಕರಗುವ ಗೊಬ್ಬರ. ಕುಂಡಕ್ಕೆ ಬೇಕಾದದ್ದು ಕರಗುವುದು.

ಅಳತೆ ಹೀಗೆ. ಹೊಲದ ಬೆಳೆಗೆ ಲೀಟರಿಗೆ 5 ಗ್ರಾಂ ಎಂದು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುತ್ತದೆ. ಕಳ್ಳಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಂ ಸಾಕು. ಮನೆಯಲ್ಲಿ ಗ್ರಾಮಿನ ತಕ್ಕಡಿ ಇರುವುದಿಲ್ಲವಾದ್ದರಿಂದ, ಚಹದ ಚಮಚದಲ್ಲಿ ತಲೆ ಸವರಿ ಒಂದು ಚಮಚ ಪುಡಿಯನ್ನು ಸುಮಾರು 5 ಗ್ರಾಂ ಎಂದು ಹಿಡಿದು, ಹತ್ತು ಲೀಟರಿನ ಬಕೆಟ್ಟಿಗೆ ಒಂದೇ ಚಮಚ ಹಾಕಬೇಕು. ಅಷ್ಟು ನೀರು ಕಳ್ಳಿಗೆ ಬೇಡ ಎನ್ನುವವರು ಉಳಿದದ್ದನ್ನು ತುಳಸಿಗೋ ಕರಿಬೇವಿಗೋ ಹಾಕಬಹುದು. ಮೊದಲು ಬರೀ ನೀರಿನಿಂದ ಮಣ್ಣನ್ನು ತೋಯಿಸಿ, ಅರ್ಧ ಗಂಟೆಯ ಮೇಲೆ ಗೊಬ್ಬರದ ನೀರನ್ನು ಗಿಡದ ಬುಡದ ಸುತ್ತ, ಒಡಲಿಗೆ ತಾಗದಂತೆ ಎರೆಯಬೇಕು. ಒಣ ಮಣ್ಣಿಗೆ ನೇರವಾಗಿ ಎರೆದರೆ ಬೇರು ಸುಡುತ್ತದೆ. ತಟ್ಟೆಯಲ್ಲಿ ಇಳಿದು ನಿಂತದ್ದನ್ನು ಚೆಲ್ಲಿಬಿಡಬೇಕು. ಪುಡಿಯ ಡಬ್ಬಿ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಮಾತ್ರ ಬೇಡ. ಮಕ್ಕಳ ಕೈಗೆಟುಕದ ಕಡೆ, ಹೆಸರು ಬರೆದಿಟ್ಟಿರಬೇಕು.

ಸಾರಜನಕ ಕಡಿಮೆ, ಪೊಟ್ಯಾಶ್ ಹೆಚ್ಚು ಇರುವ ಗೊಬ್ಬರ ಸಿಕ್ಕರೆ ಕಳ್ಳಿಗೆ ಇನ್ನೂ ಒಳ್ಳೆಯದು. ಸಿಗದಿದ್ದರೆ 19:19:19 ಇದ್ದೇ ಇದೆ. ಅಳತೆ ಕಡಿಮೆಯಿದ್ದರೆ ಅಂಕಿಗಳ ಜಗಳ ಅಷ್ಟಾಗಿ ಬಾಧಿಸದು. ಯೂರಿಯ ಮಾತ್ರ ಬೇಡವೇ ಬೇಡ. ಅದರಲ್ಲಿ 46 ಭಾಗ ಸಾರಜನಕವೇ. ಹೊಲದ ಭತ್ತಕ್ಕೆ ಅದು ಅಮೃತ, ಕುಂಡದ ಕಳ್ಳಿಗೆ ವಿಷ.

ಅಡುಗೆಮನೆಯ ಗೊಬ್ಬರಗಳ ವಿಷಯದಲ್ಲಿ ನಾವು ಸ್ವಲ್ಪ ಕಠಿಣವಾಗಿ ಬರೆಯಬೇಕಾಗಿದೆ, ಗೃಹಿಣಿಯರು ಕ್ಷಮಿಸಬೇಕು. ಅಕ್ಕಿ ತೊಳೆದ ನೀರು, ಫಿಲ್ಟರಿನಲ್ಲುಳಿದ ಕಾಫಿಯ ಚರಟ, ಚಹದ ಪುಡಿ, ಬಾಳೆಹಣ್ಣಿನ ಸಿಪ್ಪೆಯ ನೀರು — ಇವು ಯಾವುದನ್ನೂ ಎಸೆಯಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಮಲ್ಲಿಗೆಗೆ, ಕರಿಬೇವಿಗೆ ಹಾಕಿ, ಅಡ್ಡಿಯಿಲ್ಲ. ಕಳ್ಳಿಯ ಕುಂಡದಲ್ಲಿ ಇವು ಕೊಳೆಯಲು ಬೇಕಾದ ತೇವವೂ ಇಲ್ಲ, ಹುಳುಗಳೂ ಇಲ್ಲ. ಕೊಳೆಯುವಷ್ಟು ತೇವ ಮಾಡಿದರೆ ಗಿಡವೇ ಮೊದಲು ಕೊಳೆಯುತ್ತದೆ. ಅಕ್ಕಚ್ಚಿನ ಗಂಜಿ ಮಣ್ಣಿನ ಮೇಲೆ ಪೊರೆ ಕಟ್ಟಿ ಸಣ್ಣ ನೊಣಗಳನ್ನು ಕರೆಯುತ್ತದೆ. ಹಾಲು ಸಕ್ಕರೆ ಬೆರೆತ ಚಹದ ಪುಡಿಗೆ ಇರುವೆ ಬರುತ್ತದೆ; ಇರುವೆ ಬರುವಾಗ ಬಿಳಿ ಹಿಟ್ಟಿನಂಥ ತಿಗಣೆಯನ್ನೂ ಜೊತೆಗೆ ತರುತ್ತದೆ. ಕಾಫಿಯ ಚರಟ ನೀರನ್ನು ಹಿಡಿದಿಟ್ಟುಕೊಂಡು ಬುಡವನ್ನು ತಣ್ಣಗಿಡುತ್ತದೆ. ಮೊಟ್ಟೆಯ ಸಿಪ್ಪೆ ಸುಣ್ಣವೇ ಆದರೂ ಬರೀ ನೀರಿನಲ್ಲಿ ನೆನೆಸಿಟ್ಟರೆ ಅದು ಕರಗುವುದು ನೆಪಕ್ಕೆ. ನುಣ್ಣಗೆ ಅರೆದು ಮಣ್ಣಿಗೆ ಬೆರೆಸಿದರೆ ವರ್ಷಗಳ ಮೇಲೆ ಸ್ವಲ್ಪ ಪ್ರಯೋಜನವಾದೀತು.

ಸಾವಯವವೇ ಬೇಕೆನ್ನುವವರಿಗೆ ದಾರಿಯಿಲ್ಲವೆಂದಲ್ಲ. ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಾಯಿಸುವಾಗ ಹತ್ತು ಪಾಲು ಮಿಶ್ರಣಕ್ಕೆ ಒಂದು ಪಾಲು ಚೆನ್ನಾಗಿ ಮಾಗಿದ ಎರೆಗೊಬ್ಬರ, ನಾಲ್ಕಂಗುಲದ ಕುಂಡಕ್ಕೆ ಅರ್ಧ ಚಮಚ ಬೇವಿನ ಹಿಂಡಿ. ಎಲುಬಿನ ಪುಡಿ ರಂಜಕಕ್ಕೆ ಒಳ್ಳೆಯದಾದರೂ ಅನೇಕರ ಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲ; ಕಲ್ಲುರಂಜಕದ ಪುಡಿ ಆ ಕೆಲಸ ಮಾಡುತ್ತದೆ. ಮಿಕ್ಕ ಮಿಶ್ರಣವೆಲ್ಲ ದಪ್ಪ ಮರಳು, ಇಟ್ಟಿಗೆಯ ಚೂರು, ಸ್ವಲ್ಪ ಇದ್ದಿಲು, ಸ್ವಲ್ಪ ತೋಟದ ಮಣ್ಣು. ಮರಳು ನದಿಯದಾಗಿರಬೇಕು. ಸಮುದ್ರ ಹತ್ತಿರವಿದೆಯೆಂದು ಜುಹುವಿನಿಂದಲೋ ಮರೀನಾದಿಂದಲೋ ಚೀಲದಲ್ಲಿ ತುಂಬಿಕೊಂಡು ಬಂದರೆ ಅದರ ಉಪ್ಪು ಗಿಡವನ್ನು ಮುಗಿಸುತ್ತದೆ.

ನರ್ಸರಿಯಿಂದ ತಂದ ಗಿಡದ ವಿಷಯ ಬೇರೆ. ಅವರು ಬರೀ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟಿರುತ್ತಾರೆ. ಅದರಲ್ಲಿ ಸಾಸಿವೆಗಿಂತ ದಪ್ಪನೆಯ ಹಳದಿ ಅಥವಾ ಹಸಿರು ಗುಂಡುಗಳು ಕಾಣುವುದುಂಟು. ಹುಳುವಿನ ಮೊಟ್ಟೆಯೆಂದು ಹೆದರಿ ಔಷಧ ಹೊಡೆದವರನ್ನು ನಾವು ಬಲ್ಲೆವು. ಅವು ಮೊಟ್ಟೆಯಲ್ಲ, ನಿಧಾನವಾಗಿ ಸಾರ ಬಿಡುವ ಗೊಬ್ಬರದ ಗುಳಿಗೆ. ಬಿಸಿ ಹೆಚ್ಚಿದಷ್ಟೂ ಅವು ಬೇಗ ಬೇಗ ಬಿಡುತ್ತವೆ. ಹೀಗಾಗಿ ಹೊಸ ಗಿಡಕ್ಕೆ ಎರಡು ಮೂರು ತಿಂಗಳು ಏನೂ ಕೊಡಬೇಕಾಗಿಲ್ಲ. ಮಣ್ಣು ಬದಲಾಯಿಸಿದ ಮೇಲೂ ಒಂದೂವರೆ ತಿಂಗಳು ಉಪವಾಸವೇ ಸರಿ. ಹರಿದ ಬೇರು ಮಾಯಬೇಕು. ಅಂಗಡಿಗಳಲ್ಲಿ ಹಸಿರು ಕೋಲಿನ ಮೇಲೆ ಕೆಂಪು ಚೆಂಡು ಕೂರಿಸಿದ ಕಳ್ಳಿ ಕಂಡಿರಬಹುದು. ಅದು ಜಪಾನಿನವರು 1940ರ ದಶಕದಲ್ಲಿ ಬಳಕೆಗೆ ತಂದ ಕಸಿ. ಕೆಂಪು ಚೆಂಡಿಗೆ ಪತ್ರಹರಿತ್ತೇ ಇಲ್ಲ, ಸ್ವಂತ ದುಡಿಮೆ ಇಲ್ಲ. ಕೆಳಗಿನ ಹಸಿರು ಕೋಲು ದುಡಿದು ಮೇಲಿನ ಕೆಂಪು ರುಮಾಲಿಗೆ ಉಣಿಸಬೇಕು. ಗುಮಾಸ್ತರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. ಗೊಬ್ಬರವೂ ಬಿಸಿಲೂ ಆ ಹಸಿರು ಕೋಲಿನ ಹಿತ ನೋಡಿಯೇ ಕೊಡತಕ್ಕದ್ದು.

ಕಾಲಮಾನದ ಬಗ್ಗೆ ಪುಸ್ತಕಗಳು 'ವಸಂತದಿಂದ ಶರತ್ಕಾಲದವರೆಗೆ' ಎನ್ನುತ್ತವೆ. ಅದು ಯುರೋಪಿನ ಮಾತು. ನಮ್ಮ ನಗರಗಳಿಗೆ ಅದನ್ನು ಹಾಗೆಯೇ ಅನ್ವಯಿಸಿದರೆ ಕೆಟ್ಟೆವು. ಮುಂಬಯಿಯಲ್ಲಿ ಜುಲೈ ಒಂದರಲ್ಲೇ ಸರಾಸರಿ 800 ಮಿಲಿಮೀಟರಿಗೂ ಮಿಕ್ಕಿ ಮಳೆ. ಆಗ ಗಿಡ ಬೆಳೆಯುವ ಕಾಲ ಹೌದಾದರೂ ಮಣ್ಣು ಆರುವುದಿಲ್ಲ, ಬಿಸಿಲಿಲ್ಲ, ಗೊಬ್ಬರ ಕೂಡದು. ಫೆಬ್ರುವರಿ ಕೊನೆಯಿಂದ ಮೇ ನಡುವಿನವರೆಗೆ ತಿಂಗಳಿಗೊಮ್ಮೆ, ಮತ್ತೆ ಅಕ್ಟೋಬರಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ. ವರ್ಷಕ್ಕೆ ಐದಾರು ಸಲ, ಅಷ್ಟೇ. ಪುಣೆಯವರೂ ಇದನ್ನೇ ಅನುಸರಿಸಬಹುದು, ಆದರೆ ಅಲ್ಲಿ ಚಳಿ ಬೇಗ ಬರುವುದರಿಂದ ನವೆಂಬರಿನದನ್ನು ಬಿಡುವುದು ಮೇಲು. ಚೆನ್ನೈಯಲ್ಲಿ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆದುದರಿಂದ ಅಲ್ಲಿ ಫೆಬ್ರುವರಿಯಿಂದ ಏಪ್ರಿಲ್, ಮತ್ತೆ ಜುಲೈಯಿಂದ ಸೆಪ್ಟೆಂಬರ್. ಹೈದರಾಬಾದಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿ 40 ಡಿಗ್ರಿ ದಾಟಿದಾಗ ಅನೇಕ ಕಳ್ಳಿಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂರುತ್ತವೆ. ಆಗ ಒತ್ತಾಯಿಸಬಾರದು. ದಿಲ್ಲಿಯವರಿಗೆ ಎರಡು ಕಷ್ಟ: ಮೇ ಜೂನಿನ ಬೆಂಕಿ, ಜನವರಿಯ ಚಳಿ. ಅವರಿಗೆ ಮಾರ್ಚ್, ಏಪ್ರಿಲ್, ಮತ್ತೆ ಮಳೆಗೆ ಮರೆಮಾಡಿದ ಜಾಗವಿದ್ದರೆ ಆಗಸ್ಟಿನಿಂದ ಅಕ್ಟೋಬರ್. ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ ಗೊಬ್ಬರವಂತೂ ಇಲ್ಲವೇ ಇಲ್ಲ, ನೀರೂ ತಿಂಗಳಿಗೊಮ್ಮೆ ನಾಲ್ಕು ಚಮಚ.

ನೀರಿನ ಮಾತೂ ಬಂತು. ಮುಂಬಯಿಯ ಕೆರೆಯ ನೀರು ಮೆದು. ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿದವರ ಕುಂಡಗಳ ಅಂಚಿನಲ್ಲಿ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಅದರಿಂದ ಮಣ್ಣು ಸುಣ್ಣವಾಗಿ, ಕಬ್ಬಿಣದ ಅಂಶ ಗಿಡಕ್ಕೆ ದಕ್ಕದೆ, ತುದಿ ಹಳದಿಯಾಗುತ್ತದೆ. ಇದನ್ನು ಹಸಿವೆಂದು ತಿಳಿದು ಗೊಬ್ಬರ ಸುರಿದರೆ ಉಪ್ಪಿನ ಮೇಲೆ ಉಪ್ಪು. ಬೇಸಿಗೆಯಲ್ಲಿ ಒಂದೆರಡು ಸಲ ಕುಂಡದ ತೂತಿನಿಂದ ಧಾರಾಳವಾಗಿ ಇಳಿಯುವಂತೆ ಬರೀ ನೀರು ಬಿಟ್ಟು ಉಪ್ಪನ್ನು ತೊಳೆಯಬೇಕು. ಅದಕ್ಕೆ ಹಿಡಿದಿಟ್ಟ ಮಳೆಯ ನೀರು ಶ್ರೇಷ್ಠ.

ಇಷ್ಟೆಲ್ಲ ಬರೆದರೂ ನಮ್ಮ ಕನ್ನಡ ಮನೆಗಳಲ್ಲಿ ಅತಿ ಹೆಚ್ಚಾಗಿರುವ ಕ್ಯಾಕ್ಟಸ್ಸಿನ ಹೆಸರನ್ನು ಇನ್ನೂ ಎತ್ತಿಲ್ಲ. ಅದು ಬ್ರಹ್ಮಕಮಲ. ಎಲೆಯಿಂದ ಎಲೆ ಹುಟ್ಟಿ, ವರ್ಷಕ್ಕೊಮ್ಮೆ ಮಳೆಗಾಲದ ರಾತ್ರಿ ಅರಳಿ, ಬೆಳಗಾಗುವುದರೊಳಗೆ ತಲೆ ಬಾಗಿಸುವ ಆ ಬಿಳಿಯ ಹೂವಿನ ಗಿಡ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನ ಕಳ್ಳಿ. ಹಿಮಾಲಯದ ನಿಜವಾದ ಬ್ರಹ್ಮಕಮಲ, ಉತ್ತರಾಖಂಡದ ರಾಜ್ಯಪುಷ್ಪ, ಬೇರೆಯೇ ಗಿಡ. ಸೇವಂತಿಗೆಯ ದೂರದ ನಂಟ. ನಮ್ಮದು ಮುಳ್ಳು ಬಿಟ್ಟ ಕಳ್ಳಿ. ನಾವು ಎಲೆ ಎನ್ನುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದು ಮರದ ಕವಲುಗಳಲ್ಲಿ ಬಿದ್ದು ಕೊಳೆತ ಎಲೆಗಳ ನಡುವೆ ಬೇರೂರಿ ಬದುಕುವಂಥದು. ಮರುಭೂಮಿಯನ್ನು ಕಂಡದ್ದೇ ಇಲ್ಲ. ಆದುದರಿಂದ ಮೇಲೆ ಹೇಳಿದ ನಿಯಮಗಳು ಇದಕ್ಕೆ ಅರ್ಧ ಮಾತ್ರ ಸಲ್ಲುತ್ತವೆ.

ನಮ್ಮ ನೆರೆಮನೆಯಲ್ಲಿ ಶಿರಸಿಯ ಕಡೆಯ ವೃದ್ಧೆಯೊಬ್ಬರಿದ್ದಾರೆ; ಮನೆಯವರಂತೆ ನಾವೂ 'ಆಯಿ' ಎನ್ನುತ್ತೇವೆ. ಯಜಮಾನರು ತೀರಿಕೊಂಡ ಮೇಲೆ ಊರಿನ ಮನೆ, ಅಡಿಕೆ ತೋಟ ಪಾಲಾಗಿ ಮಾರಿಹೋಯಿತು. ಮಗನ ಹಿಂದೆ ಮುಂಬಯಿಗೆ ಬರುವಾಗ ಅವರು ತಂದದ್ದು ಎರಡು ಟ್ರಂಕು, ಒಂದು ಬೀಸುವ ಕಲ್ಲು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂರು ಬ್ರಹ್ಮಕಮಲದ ಎಲೆ. ಬೀಸುವ ಕಲ್ಲಿಗೆ ಇಲ್ಲಿ ಕೆಲಸವಿಲ್ಲ. ಎಲೆಗಳನ್ನು ಬಣ್ಣದ ಡಬ್ಬಿಯಲ್ಲಿ ನೆಟ್ಟರು. ಆರು ವರ್ಷ ಗಿಡ ಸರಳುಗಳನ್ನು ಹತ್ತಿ ಬೆಳೆಯಿತು. ಮೊಳಕೈ ಉದ್ದದ ಕಡುಹಸಿರು ಎಲೆಗಳು. ಒಂದು ಮೊಗ್ಗಿಲ್ಲ. ಊರಿನಲ್ಲಿ ಒಂದೇ ರಾತ್ರಿ ಮೂವತ್ತು ಹೂ ಬಿಟ್ಟ ಗಿಡದ ಕುಡಿ ಅದು. ಮೊಗ್ಗು ಬಾರದ್ದಕ್ಕೆ ಆಯಿ ಕಂಡುಕೊಂಡ ಕಾರಣ, ತಮ್ಮ ಕೈಯ ಉಪಚಾರ ಸಾಲದು ಎಂಬುದು. ಅಕ್ಕಚ್ಚು, ಮಜ್ಜಿಗೆಯ ಪಾತ್ರೆ ತೊಳೆದ ನೀರು, ನೆನೆಸಿ ಹುಳಿ ಬರಿಸಿದ ಕಡಲೆಹಿಂಡಿ, ಕೊನೆಗೆ ಮೊಮ್ಮಗ ಎಲ್ಲಿಂದಲೋ ತಂದುಕೊಟ್ಟ ಯೂರಿಯ. 'ಹಾಕಿದ ಅನ್ನದಿಂದ ಯಾವ ಜೀವವಾದರೂ ಕೆಟ್ಟದ್ದುಂಟೋ ತಮ್ಮಾ?' ಎಂದು ನಮ್ಮನ್ನೇ ಕೇಳುತ್ತಿದ್ದರು. ಏಳನೆಯ ವರ್ಷದ ಜುಲೈಯಲ್ಲಿ ಬುಡ ಕಂದಾಗಿ ಮೆತ್ತಗಾಯಿತು. ವಾಸನೆ ಹೊಡೆಯತೊಡಗಿತು. ಕೆಳಗಿನ ಮನೆಯವರ ದೂರೂ ಇತ್ತಾದ್ದರಿಂದ ಮಗ ಡಬ್ಬಿಯನ್ನೇ ಎಸೆದುಬಿಡೋಣ ಎಂದರು. ಆಯಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ನಮ್ಮ ಮನೆಯಾಕೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: 'ಊರಿನಲ್ಲಿ ಅದಕ್ಕೆ ಏನು ಹಾಕುತ್ತಿದ್ದಿರಿ ಆಯಿ?' ಆಯಿ ಬಹಳ ಹೊತ್ತು ಯೋಚಿಸಿ, ಏನೂ ಹಾಕುತ್ತಿರಲಿಲ್ಲವೆಂದರು. ಹಿತ್ತಿಲಲ್ಲಿ ಬಾವಿಯ ಹತ್ತಿರ ಹಲಸಿನ ಮರದಡಿ ಇತ್ತಂತೆ. ಮರದ ಎಲೆ ಬಿದ್ದು ಬಿದ್ದು ಬುಡ ಮುಚ್ಚಿರುತ್ತಿತ್ತಂತೆ. ಎಂದರೆ, ಮೆಕ್ಸಿಕೋದ ಕಾಡಿನಲ್ಲಿ ಅದು ಉಣ್ಣುವುದನ್ನೇ ಶಿರಸಿಯ ಹಿತ್ತಿಲೂ ಉಣಿಸಿತ್ತು. ಕೊಳೆತ ಎಲೆಯ ಸಾರ ನಿಧಾನವಾಗಿ, ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. ಸಾರಜನಕ ಒಮ್ಮೆಗೇ ಸುರಿದಾಗ ಗಿಡ ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ. ಹೂವಿನ ಯೋಚನೆಯೇ ಅದಕ್ಕೆ ಬರುವುದಿಲ್ಲ.

ಬುಡ ಕೊಳೆತರೂ ಮೇಲಿನ ಎಲೆಗಳು ಗಟ್ಟಿಯಾಗಿದ್ದವು. ಅವುಗಳಲ್ಲಿ ಐದನ್ನು ಗೇಣುದ್ದಕ್ಕೆ ಕತ್ತರಿಸಿ, ಗಾಯ ಒಣಗಲು ಒಂದು ವಾರ ನೆರಳಲ್ಲಿಟ್ಟು, ಎಲೆಗೊಬ್ಬರ ಎರಡು ಪಾಲು, ದಪ್ಪ ಮರಳು ಒಂದು ಪಾಲು, ತೆಂಗಿನ ಸಿಪ್ಪೆಯ ಚೂರು ಒಂದು ಪಾಲು ಬೆರೆಸಿ, ಮಣ್ಣಿನ ಕುಂಡದಲ್ಲಿ ನೆಡಲಾಯಿತು. ಎಲೆಗೊಬ್ಬರವೂ ಸುಲಭವಾಗಿ ಸಿಕ್ಕಿತು: ವಸಾಹತಿನ ಆವರಣದಲ್ಲಿ ದಿನಾ ಗುಡಿಸಿ ಒಯ್ಯುವ ಎಲೆಗಳನ್ನು ತೂತು ಮಾಡಿದ ಚೀಲದಲ್ಲಿ ತುಂಬಿ ಒದ್ದೆ ಮಾಡಿಟ್ಟರೆ ಎಂಟು ಹತ್ತು ತಿಂಗಳಲ್ಲಿ ಕರಿಯ ಪುಡಿಯಾಗುತ್ತದೆ, ಹಿಂದಿನ ವರ್ಷದ ಚೀಲವೊಂದು ನಮ್ಮಲ್ಲಿತ್ತು. ಬೇರು ಹಿಡಿದ ಮೇಲೆ ಮೊದಲ ವರ್ಷ ಬೆಳೆಯುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ 19:19:19 ಲೀಟರಿಗೆ ಒಂದು ಗ್ರಾಂ. ಎರಡನೆಯ ವರ್ಷ ಫೆಬ್ರುವರಿಯ ನಂತರ ಅದನ್ನು ನಿಲ್ಲಿಸಿ, ಸಾರಜನಕವೇ ಇಲ್ಲದ 0:52:34 ಎಂಬ ಪುಡಿ ಅಷ್ಟೇ ಅಳತೆಯಲ್ಲಿ ತಿಂಗಳಿಗೊಮ್ಮೆ. ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು. ಕುಂಡವನ್ನು ದೊಡ್ಡದು ಮಾಡಲಿಲ್ಲ. ಬೇರು ಒತ್ತಾಗಿದ್ದಾಗಲೇ ಈ ಗಿಡ ಹೂ ಬಿಡುವುದು. ಅತಿ ಕಷ್ಟವಾದ ಕೆಲಸವೆಂದರೆ ಆಯಿಯ ಕೈಯ ಅಕ್ಕಚ್ಚನ್ನು ತಡೆಯುವುದು. ಅವರಿಗೆ ಪಕ್ಕದಲ್ಲೇ ಒಂದು ದಾಸವಾಳದ ಕುಂಡ ತಂದಿಟ್ಟು, ಆ ಸಮಸ್ಯೆಯನ್ನು ಪರಿಹರಿಸಲಾಯಿತು.

ಎರಡನೆಯ ವರ್ಷವೂ ಹೂವಿಲ್ಲ. ಮೂರನೆಯ ವರ್ಷದ ಮಳೆಗಾಲದಲ್ಲಿ ಎಲೆಯ ಅಂಚಿನ ಕಚ್ಚುಗಳಲ್ಲಿ ಸಾಸಿವೆಯಷ್ಟು ಕೆಂಪು ಮೊಳಕೆ ಏಳು ಕಂಡವು. ಮೂರು ಉದುರಿದವು. ಉಳಿದ ನಾಲ್ಕು ಒಂದೇ ರಾತ್ರಿ ಅರಳಿದವು. ಹತ್ತೂವರೆಗೆ ನಮ್ಮ ಮಹಡಿಯವರೆಲ್ಲ ಆ ಗ್ಯಾಲರಿಯಲ್ಲಿ ನಿಂತಿದ್ದರು. ಮಗ ಊರಿನ ದಾಯಾದಿಗಳಿಗೆಲ್ಲ ಚಿತ್ರ ತೆಗೆದು ಕಳಿಸುತ್ತಿದ್ದರು. ದೇವರಿಗೆ ಒಂದು ಕೀಳಲೇ ಎಂದು ಸೊಸೆ ಕೇಳಿದ್ದಕ್ಕೆ ಆಯಿ ಬೇಡವೆಂದರು. ಕುರ್ಚಿ ಹಾಕಿಸಿಕೊಂಡು, ಹೂಗಳು ಮುದುಡುವವರೆಗೂ ಅಲ್ಲೇ ಕುಳಿತಿದ್ದರೆಂದು ಮರುದಿನ ತಿಳಿಯಿತು.

ಈ ಗಿಡದ ಕುಡಿ ಬೇಕಾದವರು ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಕೇಳಬಹುದು. ಸಂಘದ ಸದಸ್ಯರಿಗೆ ಕೊಡಲು ಆಯಿ ಒಪ್ಪಿದ್ದಾರೆ. ಒಯ್ಯಲು ಹಳೆಯ ಪತ್ರಿಕೆಯ ಹಾಳೆ ತಂದರೆ ಸಾಕು, ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ. ಮನೆಗೆ ಒಯ್ದ ಮೇಲೆ ಒಂದು ವಾರ ನೆರಳಲ್ಲಿ ಒಣಗಿಸಿ, ಎರಡು ಬೆರಳಿನಷ್ಟು ಆಳಕ್ಕೆ ನೆಟ್ಟು, ಹೊಸ ಚಿಗುರು ಕಾಣುವವರೆಗೆ ಯಾವ ಗೊಬ್ಬರವನ್ನೂ ಹಾಕಬಾರದು. ಮಣ್ಣು ಒಣಗಿದೆಯೆನಿಸಿದಾಗ ಮಾತ್ರ ಸ್ವಲ್ಪ ನೀರು.